ಬಾಗಿಲ ಕಡೆಯ ತಲೆ

“ಬರೆ ಆಕಿಸೋದಾದ್ರೆ ಮೊದ್ಲು ನಂಗೆ ಆಕ್ಸಿ, ಆಮ್ಯಾಕೆ ನನ್ ಮಗೀಗೆ!”

ನಮ್ಮ ಅತ್ತೆ ಸೊಣ್ಣಮ್ಮನವರ ಎದುರು ನಿಂತು ನಾನು ಹೀಗೆ ಕೂಗಿದ್ದು ಚಾಂಪಿಯನ್ ರೀಫ್ಸ್‌ನ ನಮ್ಮ ಇಡೀ ಲೈನಿಗೆ ಕೇಳಿಸಿತು. ಕೇಳಿಸಲಿ ಎಂದೇ ಕೂಗಿದ್ದು. ಲೈನು ಅಂದರೆ ಗಣಿ ಕೆಲಸದವರಿಗೆಂದು ಕಟ್ಟಿಸಿದ ಒಂಟಿ ಕೋಣೆಯ ಮನೆಗಳ ಸಾಲು. ಒಂದು ಮನೆಯಲ್ಲಿ ಸೀನಿದರೆ ಆಚೆಯ ಮನೆಯವರು ‘ಚಿರಂಜೀವಿ’ ಅನ್ನುವಷ್ಟು ಒತ್ತಾಗಿದ್ದವು. ಚಿನ್ನದ ಗಣಿಗಳು ಸರಕಾರದ ಕೈಗೆ ಬಂದು ಒಂದೆರಡು ವರ್ಷವಾಗಿತ್ತು, ಆದರೂ ನಮ್ಮ ಬಾಯಲ್ಲಿ ಅದು ಕಂಪನಿಯೇ, ಮನೆಯೂ ಕಂಪನಿಯದ್ದೇ.

ನನ್ನ ಮಗ ವೆಂಕಟರಾಮನಿಗೆ ಆಗ ಮೂರು ತಿಂಗಳು. ನನಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ಮಾಡಲು ಬಂಗಾರಪೇಟೆ ಕಡೆಯ ಹಳ್ಳಿಯಿಂದ ಅತ್ತೆಯೇ ಬಂದಿದ್ದರು. ಸುಳ್ಳು ಹೇಳಬಾರದು, ತಾಯಿ ಇದ್ದಿದ್ದರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹೊಯ್ಯುತ್ತಿದ್ದವರೂ ಅವರೇ, ಅದರ ತಲೆ ಬಲಗಡೆ ಹಿಂದೆ ಚಪ್ಪಟೆಯಾಗಿದೆ ಎಂದು ಮೊದಲು ಕಂಡವರೂ ಅವರೇ. ತಲೆ ಅಷ್ಟೇ ಅಲ್ಲ, ಕತ್ತೂ ಬಿಗಿ. ಬಲಕ್ಕೆ ಸಲೀಸಾಗಿ ಹೊರಳುತ್ತಿತ್ತು. ಎಡಕ್ಕೆ ಹೊರಳಿಸಿದರೆ ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು.

“ಇದು ನಮ್ ವಂಶದ್ ತಲೆ ಕಣಮ್ಮ,” ಅಂದರು ಅತ್ತೆ. “ಬಚ್ಚಪ್ಪಂದೂ ಇಂಗೇ, ಅವ್ನ್ ತಮ್ಮ ರಾಮಚಂದ್ರಂದೂ ಇಂಗೇ. ಇಬ್ರಿಗೂ ಕಿವಿ ಹಿಂದೆ ಬರೆ ಆಕಿಸ್ದೆ, ಕತ್ತು ಸರ್ಯೋಯ್ತು. ಸಂಕ್ರಾಂತಿ ಮುಗೀಲಿ, ಬಂದು ಕರ್ಕೊಂಡೋಯ್ತೀನಿ. ನಮ್ಮೂರಾಗೆ ಬರೆ ಆಕೋನ್ ಕೈ ಭಾಳ ಹಗುರ.”

ಹಗುರವಂತೆ ಕೈ! ಕಾದ ಕಬ್ಬಿಣಕ್ಕೆ ಹಗುರವೇನು, ಭಾರವೇನು? ನನ್ನ ತಂಗಿಗೆ ಹೊಟ್ಟೆ ಉಬ್ಬರವೆಂದು ಹೀಗೆಯೇ ಒಬ್ಬ ಹಗುರ ಕೈಯವನು ಬರೆ ಹಾಕಿದ್ದ. ಗಾಯ ಕೀವಾಯಿತು, ಜ್ವರ ಏರಿತು, ಕೂಸು ಉಳಿಯಲಿಲ್ಲ. ನಮ್ಮಮ್ಮ ಆ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದವಳು ಮತ್ತೆ ಅದರ ಕಡೆ ನೋಡಲಿಲ್ಲ. ಅದೇ ತೊಟ್ಟಿಲೇ ತೊಳೆದು ನನ್ನ ಮಗನಿಗೆ ಬಂದದ್ದು. ಅದರಲ್ಲಿ ಇನ್ನೊಂದು ಕೂಸು ಬರೆಯ ಗಾಯದಲ್ಲಿ ನರಳುವುದನ್ನು ನಾನು ನೋಡುವವಳಲ್ಲ. ಅದಕ್ಕೇ ಹಾಗೆ ಕೂಗಿದ್ದು.

ಅತ್ತೆ ಮುಖ ಊದಿಸಿಕೊಂಡು, ರಾಗಿ ಕೊಯ್ಲಿಗೆ ಹೊತ್ತಾಯಿತೆಂದು ರೈಲು ಹತ್ತಿದರು. ಹೋಗುವಾಗ ಮಗುವಿಗೆಂದು ರಾಗಿ ತುಂಬಿದ ಪುಟ್ಟ ದಿಂಬು ಹೊಲಿದು ಕೊಟ್ಟರು. “ಸಂಕ್ರಾಂತಿ ಆಗ್ತಿದ್ದಂಗೆ ಬತ್ತೀನಿ,” ಎಂದರು ನನಗಲ್ಲ, ಮಗನಿಗೆ.

ಮಗ ಅಂದರೆ ನಮ್ಮ ಮನೆಯವರು. ಹೆಸರು ಹೇಳಬಾರದು, ಆದರೆ ಅತ್ತೆಯೇ ಆಗಲೇ ಹೇಳಿದ್ದಾರಲ್ಲ, ಬಚ್ಚಪ್ಪ. ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ ಅವರದು, ಮೊದಲು ಅವರಪ್ಪನದು; ಅತ್ತೆ ಇದೇ ಕೋಣೆಯಲ್ಲಿ ಸಂಸಾರ ಮಾಡಿ ಆಮೇಲೆ ಹಳ್ಳಿಗೆ ಹೋದವರು. ಅಷ್ಟು ದೊಡ್ಡ ಬೆಟ್ಟಕ್ಕೆ ಹೆದರದವರು ತಾಯಿಯ ಮುಂದೆ ನಿಂತರೆ ನೆಲ ನೋಡುತ್ತಿದ್ದರು. “ಅಮ್ಮ ಏಳಿದ್ ಮ್ಯಾಲೆ ಏನ್ಮಾಡೋದು?” ಅಂದರು. ಅವರ ಬಲಗಿವಿಯ ಹಿಂದೆ ಹುಣಸೆ ಬೀಜದಷ್ಟು ಅಗಲದ ಹೊಳೆಯುವ ಕಲೆ ಇತ್ತು. ಮದುವೆಯಾದಾಗಿನಿಂದ ಕಂಡಿದ್ದೆ, ಅದು ಬರೆಯ ಕಲೆಯೆಂದು ಅಂದು ತಿಳಿದು ಮಗುವನ್ನು ಎದೆಗೆ ಒತ್ತಿಕೊಂಡೆ.

ಮಾರನೆಯ ದಿನವೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರು ಅವನ ತಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುತ್ತಲೂ ಸವರಿದರು, ಕತ್ತನ್ನು ಬೆರಳಲ್ಲಿ ಒತ್ತಿ ನೋಡಿದರು.

“ಇದು ವಂಶವೂ ಅಲ್ಲ, ರೋಗವೂ ಅಲ್ಲ. ಮಗು ಯಾವಾಗಲೂ ಒಂದೇ ಕಡೆಗೆ ತಿರುಗಿ ಮಲಗುತ್ತೆ. ತಲೆಯ ಮೂಳೆ ಇನ್ನೂ ಮೆತ್ತಗಿದೆ, ಒತ್ತಿದ ಕಡೆ ಚಪ್ಪಟೆಯಾಗಿದೆ. ಕತ್ತಿನ ಈ ಕಡೆಯ ಸ್ನಾಯುವೂ ಬಿಗಿದಿದೆ,” ಎಂದರು. “ಮೂಳೆ ಮೆತ್ತಗಿರುವಾಗಲೇ ಎಡಕ್ಕೆ ತಿರುಗಿ ಮಲಗುವ ಹಾಗೆ ಮಾಡು, ತಾನಾಗಿ ದುಂಡಗಾಗುತ್ತೆ. ಎಚ್ಚರವಾಗಿದ್ದಾಗ ನಿನ್ನ ಕಣ್ಣ ಮುಂದೆ ಬೋರಲು ಹಾಕು. ಹೆಗಲು ಹಿಡಿದು ಕತ್ತನ್ನು ಮೆಲ್ಲಗೆ ಎಡಕ್ಕೆ ಹೊರಳಿಸು, ಜೋರು ಮಾಡಬೇಡ. ದಿಂಬು ಬೇಡವೇ ಬೇಡ.”

“ಬರೆ ಆಕಿದ್ರೆ ಒಳ್ಳೇದಾಗಲ್ವಾ?” ಎಂದೆ, ಅವರ ಬಾಯಿಂದಲೇ ಕೇಳೋಣವೆಂದು.

“ಚಪ್ಪಟೆ ತಲೆಯ ಜೊತೆ ಸುಟ್ಟ ಗಾಯವೂ ಆಗುತ್ತೆ,” ಎಂದು ಮುಂದಿನ ಮಗುವನ್ನು ಕರೆದರು.

ಮನೆಗೆ ಬಂದವಳೇ ರಾಗಿ ದಿಂಬಿನ ಹೊಲಿಗೆ ಬಿಚ್ಚಿ, ರಾಗಿ ತೊಳೆದು ಒಣಗಿಸಿ ಬೀಸಿ ಅಂಬಲಿ ಕಾಯಿಸಿಬಿಟ್ಟೆ. ಮನೆಯವರು ಎರಡು ಲೋಟ ಕುಡಿದು ಚೆನ್ನಾಗಿದೆ ಎಂದರು. ಎಲ್ಲಿಯ ರಾಗಿ ಎಂದು ನಾನೂ ಹೇಳಲಿಲ್ಲ.

ಕೆಲಸ ಶುರುವಾಯಿತು. ಚಾಪೆಯ ಮೇಲೆ ಬೋರಲು ಹಾಕಿದರೆ ಮೂಗು ನೆಲಕ್ಕೆ ಉಜ್ಜಿ ಅಳುತ್ತಿದ್ದ. ನಾನೂ ಎದುರಿಗೆ ಬೋರಲು ಮಲಗಿ ‘ಬೂ’ ಎನ್ನುತ್ತಿದ್ದೆ. ಹಾಲು ಕುಡಿಸುವಾಗ ಕಡೆ ಬದಲಿಸಿದೆ. ಹೆಗಲು ಹಿಡಿದು ಕತ್ತು ಹೊರಳಿಸುವಾಗ ಅವನು ಅತ್ತರೆ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು, ಕೈ ಮಾತ್ರ ಬಿಡುತ್ತಿರಲಿಲ್ಲ. ಆದರೆ ಏನು ಮಾಡಿದರೂ ತೊಟ್ಟಿಲಿಗೆ ಹಾಕಿದ ಕೂಡಲೇ ಮುಖ ಟಣ್ಣನೆ ಬಲಕ್ಕೆ! ಎಡಗಡೆ ನಿಂತು ಗಿಲಕಿ ಆಡಿಸಿದರೆ ಒಂದು ಗಳಿಗೆ ನೋಡುವನು, ನಾನು ಒಲೆಯ ಕಡೆ ಹೋದೆನೋ ಮತ್ತೆ ಬಲಕ್ಕೆ. ನನ್ನ ಮಗ, ನನ್ನ ಹಟವೇ ಅವನಿಗೂ ಬಂದಿತ್ತು.

ಬಲಕ್ಕೆ ಏನಿದೆ ಎಂದು ಒಂದು ದಿನ ತೊಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಾಗಿಲು ಇದೆ. ನಮ್ಮ ಕೋಣೆಗೆ ಕಿಟಕಿಯೇ ಇರಲಿಲ್ಲ. ಬೆಳಕು, ಗಾಳಿ, ಹೋಗುವವರು, ಬರುವವರು, ಎಲ್ಲ ಪೂರ್ವದ ಆ ಒಂದು ಬಾಗಿಲಲ್ಲಿ. ಎಡಕ್ಕೆ ಬರೀ ಕತ್ತಲ ಗೋಡೆ. ನಾನಾಗಿದ್ದರೂ ಬಾಗಿಲನ್ನೇ ನೋಡುತ್ತಿದ್ದೆ.

ಹಾಗಾದರೆ ಸುಲಭ, ತಲೆಯಿದ್ದ ಕಡೆ ಕಾಲು ಬರುವಂತೆ ತಿರುಗಿಸಿ ಹಾಕಿದರೆ ಬಾಗಿಲು ಎಡಕ್ಕೆ ಬರುತ್ತದೆ. ಮಗುವನ್ನು ಎತ್ತಿಯೂ ಆಯಿತು, ಆಗ ಹೊಳೆಯಿತು. ತಲೆ ಉತ್ತರಕ್ಕೆ ಬರುತ್ತದೆ!

“ಉತ್ತರಕ್ ತಲೆನಾ?” ಮನೆಯವರು ಊಟ ಬಿಟ್ಟು ಎದ್ದರು. “ದಿನಾ ಗಣಿಗಿಳಿಯೋನ್ ಮನ್ಯಾಗೆ ಕೂಸ್ನ ಉತ್ತರಕ್ ತಲೆ ಆಕಿ ಮಲಗಿಸ್ತೀಯೇನ್ಲೇ? ಬುದ್ಧಿ ನೆಟ್ಟಗೈತಾ?”

ಅವರನ್ನು ಬೈಯಲಾರೆ. ನನಗೂ ಕೈ ಬರಲಿಲ್ಲ. ಹಾಗೆ ಮಲಗಿಸಿದ ದಿನ ಒಳಗೆ ಬಂಡೆ ಸಿಡಿದರೆ? ಆಮೇಲೆ ಆ ಡಾಕ್ಟರ ಮಾತು ನನಗೆ ಸಮಾಧಾನ ಹೇಳುತ್ತದೆಯೇ? ತೊಟ್ಟಿಲನ್ನು ಬೇರೆ ಕಡೆ ಕಟ್ಟೋಣವೆಂದರೆ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಕಡೆ ಹಿತ್ತಾಳೆ ಪಾತ್ರೆಗಳ ಹಲಗೆ. ಆಳದಲ್ಲಿ ಬಂಡೆ ಸಿಡಿದಾಗೆಲ್ಲ ಮೇಲೆ ನಮ್ಮ ನೆಲ ನಡುಗಿ ಪಾತ್ರೆಗಳು ಧಡಧಡ ಉರುಳುತ್ತಿದ್ದವು, ಅದರ ಕೆಳಗೆ ಯಾವ ತಾಯಿ ತೊಟ್ಟಿಲು ಕಟ್ಟುತ್ತಾಳೆ? ತೂಗುವಷ್ಟು ಗಟ್ಟಿ ತೊಲೆ ನಡುವಿನದೊಂದೇ, ಅದೂ ಉತ್ತರ ದಕ್ಷಿಣಕ್ಕೆ. ದೀಪಾವಳಿ ಕಳೆದು ಚಳಿ ಬಂತು. ಅತ್ತೆ ಬರುವ ದಿನ ಹತ್ತಿರವಾಗುತ್ತಿತ್ತು, ಮಗ ಬಾಗಿಲು ನೋಡುತ್ತಲೇ ಇದ್ದ. ಆ ದಿನಗಳಲ್ಲಿ ನನ್ನ ಹತ್ತಿರ ಯಾರೂ ಮಾತಿಗೆ ಬರುತ್ತಿರಲಿಲ್ಲ, ಬಂದವರನ್ನೆಲ್ಲ ಕಚ್ಚುತ್ತಿದ್ದೆ.

ಹೊಳೆದದ್ದು ನಲ್ಲಿಯ ಹತ್ತಿರ. ಕೊಡ ಇಟ್ಟು ಸರದಿಗಾಗಿ ನಿಂತಿದ್ದೆ. ಮುಂದೆ ಪಕ್ಕದ ಮನೆಯ ಮಗು ಕೂತು ಕೆಸರಲ್ಲಿ ಆಡುತ್ತಿತ್ತು, ಚೌಲ ಮಾಡಿಸಿ ನುಣ್ಣಗಿದ್ದ ತಲೆ. ಬಿಸಿಲು ಬಿದ್ದು ಕಂಡಿತು, ಬಲಗಡೆ ಹಿಂದೆ ಚಪ್ಪಟೆ. ಥೇಟ್ ನನ್ನ ಮಗನದೇ.

ಅವರೇನು ನಮ್ಮ ವಂಶವೇ? ಅವರು ಚಿತ್ತೂರು ಕಡೆಯ ತೆಲುಗರು! ಕೊಡ ಬಿಟ್ಟೆ. ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಒಂದೊಂದಾಗಿ ಹಿಡಿದು ತಲೆ ಸವರತೊಡಗಿದೆ. ನಮ್ಮ ಸಾಲಿನವರು ಹೆಚ್ಚುಕಡಿಮೆ ಎಲ್ಲರೂ ಬಲಕ್ಕೆ ಚಪ್ಪಟೆ. “ಆದಿಲಕ್ಷ್ಮಿಗೆ ಏನಾಯ್ತು, ಏನು ನೋಡ್ತಾವ್ಳೆ?” ಎಂದು ನನ್ನನ್ನು ನೋಡಿ ಒಬ್ಬಳು, “ಗಾಳಿ ಸೋಕೈತೆ” ಎಂದು ಇನ್ನೊಬ್ಬಳು. ಆಡಿಕೊಳ್ಳಲಿ. ಅಷ್ಟರಲ್ಲಿ ಒಂದು ಹುಡುಗಿಯ ತಲೆ ಕೈಗೆ ಸಿಕ್ಕಿತು, ಅದು ಎಡಕ್ಕೆ ಚಪ್ಪಟೆ. ಇನ್ನೊಂದು, ಅದೂ ಎಡಕ್ಕೆ.

“ನಿಮ್ಮನೆ ಯಾವ್ದೇ?” ಎಂದೆ.

“ಇಂದ್ಗಡೆ ಸಾಲು.”

ನಮ್ಮ ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ಸಾಲು ಅದು. ನಮ್ಮ ಬಾಗಿಲು ಪೂರ್ವಕ್ಕೆ, ಅವರದು ಪಶ್ಚಿಮಕ್ಕೆ. ಎಲ್ಲ ಮನೆಯಲ್ಲೂ ತೊಟ್ಟಿಲು ಅಂಥದೇ ನಡುತೊಲೆಗೆ, ಕೂಸಿನ ತಲೆ ದಕ್ಷಿಣಕ್ಕೇ. ಬಾಗಿಲು ಯಾವ ಕಡೆಯೋ ತಲೆ ಆ ಕಡೆಗೆ! ಒಂದೊಂದು ಮನೆಯವರೂ ಅದು ತಮ್ಮ ವಂಶದ ತಲೆ, ತಾತನ ತಲೆ ಎಂದುಕೊಂಡು ಮುದ್ದಾಡುತ್ತಿದ್ದರು, ಇಲ್ಲವೇ ಬರೆ ಹಾಕಿಸುತ್ತಿದ್ದರು. ನಾನು ನಲ್ಲಿಯ ಹತ್ತಿರ ಎಲ್ಲರ ನಡುವೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಗಾಳಿ ಸೋಕಿದೆ ಎಂದವಳಿಗೆ ಆಗ ಖಾತ್ರಿಯಾಯಿತು.

ಮಗುವನ್ನು ತಿರುಗಿಸಲು ಆಗುವುದಿಲ್ಲ. ತೊಟ್ಟಿಲನ್ನು ತಿರುಗಿಸಲು ಆಗುವುದಿಲ್ಲ. ಸರಿ, ಗೋಡೆಯನ್ನೇ ತಿರುಗಿಸೋಣ ಎಂದುಕೊಂಡೆ. ಎಡಗಡೆಯ ಕತ್ತಲ ಗೋಡೆ ಬಿದಿರು ತಟ್ಟಿಗೆ ಮಣ್ಣು ಮೆತ್ತಿದ್ದು. ಮನೆಯವರು ಹಗಲು ಪಾಳಿಗೆ ಹೋದದ್ದೇ ತಡ, ಸೆರಗು ಸಿಕ್ಕಿಸಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಕತ್ತಿಯೂ ಗಡಾರಿಯೂ ಹಿಡಿದು ನಿಂತೆ. ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು, ತಟ್ಟಿ ಲಟಲಟ ಮುರಿಯಿತು. ಗಡಾರಿ ಆಚೆಗೆ ತೂರಿಕೊಂಡಿತು.

“ಐಯಯ್ಯೋ! ಯಾರಮ್ಮಾ ಅದು? ಮನೆ ಒಳ್ಗೆ ಕಳ್ಳ!” ಆಚೆಯಿಂದ ಕೂಗು. ಕದಿರಮ್ಮ. ತಮಿಳವಳು. ನಲ್ಲಿ ನೀರಿನ ಜಗಳದಲ್ಲಿ ನಾವಿಬ್ಬರೂ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ತೂತಿನಲ್ಲಿ ಮುಖವಿಟ್ಟು, “ಕಳ್ಳ ಅಲ್ಲ, ನಾನು,” ಅಂದೆ.

“ನೀನಾ! ನೀರು ಸಾಲ್ದು ಅಂತ ಈಗ ಗೋಡೆಗೂ ಬಂದ್ಯಾ?”

“ಬಾಯ್ಮುಚ್ಚಿ ನಿನ್ ಮಗೀನ್ ತಲೆ ನೋಡು ಕದಿರಮ್ಮಾ. ಎಡಗಡೆ, ಇಂದೆ.”

ಅವಳಿಗೂ ತೊಟ್ಟಿಲಲ್ಲಿ ಒಂದು ಹೆಣ್ಣುಕೂಸಿತ್ತು. ಹೋಗಿ ಅದರ ತಲೆ ಸವರಿ ಬಂದಳು. ಆಮೇಲೆ ನಿಧಾನವಾಗಿ, “ನಿನಗೆ ಹೇಗೆ ಗೊತ್ತು?” ಎಂದಳು. ತೂತಿನಲ್ಲಿಯೇ ಎಲ್ಲ ಹೇಳಿದೆ, ಡಾಕ್ಟರು ಹೇಳಿದ್ದು, ಬಾಗಿಲು, ಸಾಲು, ಬರೆ. ಅವಳು ಕೇಳಿ ಮುಗಿಸಿ, ಒಳಗೆ ಹೋಗಿ ತನ್ನ ಕತ್ತಿ ತಂದು ಆ ಕಡೆಯಿಂದ ಕಡಿಯತೊಡಗಿದಳು.

ಸಂಜೆ ಮನೆಯವರು ಬಂದು ಬಾಗಿಲಲ್ಲೇ ನಿಂತರು. ಗೋಡೆಯಲ್ಲಿ ಕುರಿ ತೂರುವಷ್ಟು ದೊಡ್ಡ ತೂತು, ಅದರೊಳಗಿಂದ ಕದಿರಮ್ಮನ ಮನೆಯ ಬಾಗಿಲು, ಅದರಾಚೆ ಪಶ್ಚಿಮದ ಬಿಸಿಲು.

“ಕಂಪ್ನಿ ಗೋಡೆ ಕಣೇ! ಮನೆ ಕಿತ್ಕೊಂಡ್ರೆ ಎಲ್ಲಿಗ್ ಓಗ್ತೀಯ?”

“ಬೀದೀಗ್ ಓಗ್ತೀನಿ. ಬೀದೀಲಿ ಬೆಳಕು ಎಲ್ಲಾ ಕಡೆ ಬತ್ತೈತೆ.” ಅವರ ಕೈ ಹಿಡಿದು ಅವರದೇ ತಲೆಯ ಹಿಂದೆ ಇಟ್ಟೆ. “ನೀವು ಉಟ್ಟಿದ್ದು ಇದೇ ಕೋಣೇಲಿ ತಾನೆ? ಇದೇ ತೊಲೆ ಕೆಳಗೆ? ನಿಮ್ ತಮ್ಮನೂ ಇಲ್ಲೇ ತಾನೆ? ನಿಮ್ಮಕ್ಕ ಮುನಿರತ್ನಮ್ಮನ ತಲೆ ಹೆಂಗೈತೆ?”

“ದುಂಡಗೈತೆ,” ಎಂದರು ಯೋಚಿಸಿ.

“ಅವ್ರು ಉಟ್ಟಿದ್ದೆಲ್ಲಿ?”

ಮೊದಲ ಬಾಣಂತನ ಅತ್ತೆಯ ತವರಿನಲ್ಲಿ, ಹಳ್ಳಿಯಲ್ಲಿ, ಆಗಿತ್ತೆಂದು ಅವರಿಗೂ ಗೊತ್ತು, ನನಗೂ ಗೊತ್ತು. ತೂತಿನ ಅಂಚಿನ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದರು. “ಇಂಗ್ ಬಿಟ್ರೆ ನೆಲ ನಡುಗ್ದಾಗ ಮ್ಯಾಲಿಂದು ಕುಸೀತೈತೆ. ಹೆಂಗಸ್ರ ಕೆಲ್ಸ!” ಎಂದು ಬೈದುಕೊಂಡೇ ಹೊರಗೆ ಹೋಗಿ, ಮರದ ತುಂಡುಗಳನ್ನು ಹೊತ್ತು ತಂದರು. ಒಳಗೆ ಬೆಟ್ಟಕ್ಕೆ ಕೊಡುವ ಹಾಗೆಯೇ ಆ ಕಡೆ ಈ ಕಡೆ ಕಂಬ, ಮೇಲೊಂದು ಅಡ್ಡ ಕೊಟ್ಟು ಬಿಗಿದರು. ಅಂಥ ಕಿಟಕಿ ದೊರೆಗಳ ಬಂಗಲೆಯಲ್ಲೂ ಇರಲಿಲ್ಲ ಎಂದರೆ ನೀವು ನಂಬಬೇಕು.

ಲೈನ್ ಮೇಸ್ತ್ರಿ ವೆಂಕಟೇಶಪ್ಪನಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಕೊಡೆ ಹಿಡಿದು ಬಂದ. “ಯಾರ್ ಕೇಳಿ ಒಡುದ್ರಿ? ನಾಳೇನೇ ಮುಚ್ಚಬೇಕು,” ಎಂದ. “ಮುಚ್ಚಣ್ಣ, ನೀನೇ ಮುಚ್ಚು. ಮುಚ್ಚಿದ ಮೇಲೆ ಈ ಎರಡು ಕೂಸ್ನೂ ನಿಮ್ಮನೇಗ್ ಕರ್ಕೊಂಡೋಗಿ ಮಲಗಿಸ್ಕೋ,” ಎಂದು ಮಗನನ್ನು ಅವನ ಕೈಗೆ ಕೊಟ್ಟೆ. ಕಿಟಕಿಯಿಂದ ಕದಿರಮ್ಮ ತನ್ನ ಮಗಳನ್ನೂ ನೀಡಿದಳು. ನನ್ನ ಮಗ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದ. ಮೇಸ್ತ್ರಿ ನಗಲೂ ಆಗದೆ ಬೈಯಲೂ ಆಗದೆ, ದೊಡ್ಡವರು ಬಂದಾಗ ಒಂದು ಚಾಪೆಯಾದರೂ ಅಡ್ಡ ಕಟ್ಟಿ ಎಂದು ಹೇಳಿ ಹೋದ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಗಿನ ಹೊತ್ತು ನಮ್ಮ ಬಾಗಿಲಿಗೆ ಚಾಪೆ ಇಳಿಬಿಟ್ಟೆ. ಎಡಗಡೆ ಬೆಳಕು, ಆ ಬೆಳಕಲ್ಲಿ ಕದಿರಮ್ಮ ಓಡಾಡುವುದು, ಅವಳ ಮಗಳು ಕೈಕಾಲು ಬಡಿಯುವುದು. ಮೊದಮೊದಲು ಅರ್ಧ ಹೊರಳಿ ಅಳುತ್ತಿದ್ದ. ನಾನು ಹೆಗಲು ಹಿಡಿದು ಕತ್ತನ್ನು ಮೆಲ್ಲಗೆ ತಿರುಗಿಸುವುದನ್ನು ಬಿಡಲಿಲ್ಲ, ಬೋರಲು ಹಾಕುವುದನ್ನೂ ಬಿಡಲಿಲ್ಲ. ಒಂದು ದಿನ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದವಳು ತಿರುಗಿ ನೋಡಿದರೆ, ಮಗ ಪೂರ್ತಿ ಎಡಕ್ಕೆ ಹೊರಳಿ ನಿದ್ದೆ ಹೋಗಿದ್ದಾನೆ! ಆ ಕಡೆ ಅವಳ ಮಗಳು ಬಲಕ್ಕೆ ಹೊರಳಿ ಇವನನ್ನೇ ನೋಡುತ್ತಿದ್ದಾಳೆ. ಮುದ್ದೆ ತಳ ಹಿಡಿಯಿತು. ಹಿಡಿಯಲಿ ಎಂದು ಅಲ್ಲೇ ನಿಂತು ಸಂತೋಷಕ್ಕೆ ಕಣ್ಣೀರು ಹಾಕಿದೆ.

ಸಂಕ್ರಾಂತಿ ಕಳೆಯಿತು. ಬಂಗಾರಪೇಟೆಯ ರೈಲಿನಿಂದ ಇಳಿದು, ಅವರೆಕಾಯಿಯ ಚೀಲ ಹೊತ್ತು, ಅತ್ತೆ ಹೇಳಿದ ಮಾತಿನಂತೆ ಬಂದರು. ಅಂದು ಮನೆಯವರಿಗೆ ರಜಾ, ಹೊಸ್ತಿಲ ಮೇಲೆ ಕೂತಿದ್ದರು. ಅತ್ತೆ ಚೀಲ ಇಳಿಸಿ, “ಬರೆ ಆಕೋನ್ಗೆ ಏಳಿ ಬಂದಿವ್ನಿ. ನಾಳೆ ಬೆಳಿಗ್ಗೆ ರೈಲ್ಗೆ ಒಂಡಾನ,” ಎಂದರು. ಕೂಗಬೇಕೆಂದು ಬಾಯಿ ತೆರೆದೆ.

“ಕೂಸು ಎಲ್ಲಿಗೂ ಬರಾಕಿಲ್ಲಮ್ಮ,” ಎಂದರು ಮನೆಯವರು. ನೆಲ ನೋಡಲಿಲ್ಲ, ತಾಯಿಯ ಮುಖವನ್ನೇ ನೋಡಿದರು. “ಮೊದ್ಲು ಒಳ್ಗೋಗಿ ನೋಡು.”

ಅತ್ತೆ ಒಳಗೆ ಬಂದು ಬಾಗಿಲ ಕಡೆ ನಿಂತು ಬಳೆ ಗಲಗಲ ಮಾಡಿದರು. ಕಿಟಕಿ ನೋಡುತ್ತಿದ್ದ ವೆಂಕಟರಾಮ ತಿರುಗಿ ಅಜ್ಜಿಯನ್ನು ನೋಡಿ ನಕ್ಕ. ಅತ್ತೆ ತೊಟ್ಟಿಲ ಎಡಗಡೆಗೆ ಬಂದು ಮತ್ತೆ ಬಳೆ ಆಡಿಸಿದರು. ಅವನು ಹಾಗೆಯೇ ಎಡಕ್ಕೆ ಹೊರಳಿ ಮತ್ತೆ ನಕ್ಕ. ಅಳಲಿಲ್ಲ. ಅತ್ತೆ ಅವನನ್ನು ಎತ್ತಿಕೊಂಡು, ಎಣ್ಣೆ ತಿಕ್ಕಿ ಬೆಳೆಸಿದ ಕೈಯಲ್ಲೇ ತಲೆ ಸವರಿದರು.

“ಇನ್ನೂ ಒಸಿ ಚಪ್ಪಟೆ ಐತೆ.”

“ಐತೆ ಅತ್ತೆ. ಓಗ್ತಾ ಐತೆ,” ಎಂದೆ.

ಆಗ ಕಿಟಕಿ ಕಂಡಿತು. ಆಚೆಯ ತೊಟ್ಟಿಲೂ ಕಂಡಿತು. ಇದೇಕೆಂದು ಕೇಳಿದರು. ನಾನು ಬಾಗಿಲಿಂದ ಹಿಡಿದು ನಲ್ಲಿಯ ಮಕ್ಕಳ ತಲೆಯವರೆಗೆ ಎಲ್ಲ ಹೇಳಿದೆ. ಅಂದು ಮಾತ್ರ ಕೂಗದೆ ಹೇಳಿದೆ. ಅತ್ತೆ ಬಾಗಿಲು ನೋಡಿದರು, ತೊಲೆ ನೋಡಿದರು.

“ಮುನಿರತ್ನನ್ ಬಾಣಂತನ ನಮ್ಮವ್ವನ್ ಮನ್ಯಾಗೆ,” ಎಂದರು ತಮ್ಮಷ್ಟಕ್ಕೇ. “ಅಲ್ಲಿ ತೊಟ್ಲು ನಡುಮನ್ಯಾಗೆ ಇತ್ತು. ಬೆಳಕು ಮ್ಯಾಲಿಂದ ಗವಾಕ್ಷೀಲಿ ಬೀಳ್ತಿತ್ತು.”

ಮಗುವನ್ನು ನನ್ನ ಕೈಗೆ ಕೊಟ್ಟು ಹೊಸ್ತಿಲ ಹತ್ತಿರ ಹೋದರು. ಅಲ್ಲಿ ಕೂತಿದ್ದ ತಮ್ಮ ಮಗನ ತಲೆಯ ಹಿಂದೆ ಕೈಯಿಟ್ಟರು, ಬಲಗಡೆ ಚಪ್ಪಟೆಯಾಗಿದ್ದಲ್ಲಿ. ಬೆರಳು ಅಲ್ಲಿಂದ ಕೆಳಗಿಳಿದು ಕಿವಿಯ ಹಿಂದಿನ ಕಲೆಯ ಮೇಲೆ ನಿಂತಿತು.

“ಆವತ್ತು ನೋಯ್ತೇನ್ಲಾ ಮಗಾ?”

“ಕೂಸಲ್ವಾಮ್ಮ ನಾನು. ನಂಗೆಲ್ಲಿ ನೆನಪಿರ್ತೈತೆ?” ಎಂದರು ಮನೆಯವರು.

“ನಂಗೈತೆ,” ಎಂದರು ಅತ್ತೆ.